ಹಂಚಿನ ಮೊದಲ ರೊಟ್ಟಿ

2024ರ ಕಾರಹುಣ್ಣಿಮೆಯ ದಿನ ನಮ್ಮ ಮನೆಗೆ ಕಾರು ಬಂತು. ತಿಕೋಟಾದ ನಮ್ಮ ಓಣಿಯ ಎತ್ತುಗಳೆಲ್ಲ ಕೋಡಿಗೆ ಬಣ್ಣ ಬಳಿಸಿಕೊಂಡು, ಗೊಂಡೆ ಕಟ್ಟಿಸಿಕೊಂಡು ಕರಿ ಹರಿಯಲು ಹೊರಟ ಹೊತ್ತು. ಅವುಗಳ ನಡುವೆ ಒಂದಿಷ್ಟೂ ಸದ್ದಿಲ್ಲದೆ ಬಂದು ನಿಂತ ಬಿಳಿಯ ಕಾರನ್ನು ಕಂಡು ಪಕ್ಕದ ಮನೆಯ ಅಜ್ಜಿ, "ಏನ್ರೀ ಅಕ್ಕೋರ, ಕಾರಹುಣ್ಣಿವಿಗೆ ಎತ್ತು ತರೂದು ಬಿಟ್ಟು ಕಾರ ತಂದೀರಲ್ಲ! ಇದು ಒದರೂದs ಇಲ್ಲೇನು?" ಎಂದಳು. ಒದರುವುದಿಲ್ಲ ಎಂದೆ. ಇದು ಕರೆಂಟಿನ ಕಾರು, ಪೆಟ್ರೋಲು ಬೇಡ, ಹೊಗೆ ಇಲ್ಲ ಎಂದು ನನ್ನ ಮಗ ವಿವರಿಸಿದ. ಅಜ್ಜಿ ಎತ್ತಿನ ಮೈದಡವಿದಂತೆ ಅದರ ಬೆನ್ನು ದಡವಿ, ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆಸಿದಳು.

ಆ ಮಾದರಿಯ ಕಾರು ಆಗಷ್ಟೇ ಬಿಡುಗಡೆಯಾಗಿತ್ತು. ಮಗ ತಿಂಗಳುಗಟ್ಟಲೆ ಮೊದಲೇ ಹಣ ಕಟ್ಟಿ ಹೆಸರು ಬರೆಸಿದ್ದ. ಕಂಪನಿಯ ಹೆಸರು ಇಲ್ಲಿ ಬೇಡ. ನನಗಿರುವುದು ಕಂಪನಿಯ ಮೇಲಿನ ಸಿಟ್ಟಲ್ಲ. ಅಥವಾ ಇದ್ದರೂ ಅದು ಕಡೆಗೆ ಯಾರ ಮೇಲೆ ತಿರುಗಿತು ಎಂಬುದನ್ನು ಮುಂದೆ ಹೇಳುತ್ತೇನೆ.

ಹೊಸ ಸೊಸೆ ಮನೆಗೆ ಬಂದಾಗ ಹೆಂಗಸರು ಹೇಗೆ ನೋಡುತ್ತಾರೆ ನಿಮಗೆ ಗೊತ್ತು. ಮುಖ ನೋಡುತ್ತ ನೋಡುತ್ತಲೇ ನಡಿಗೆಯನ್ನೂ ನೋಡಿ ಮುಗಿಸಿರುತ್ತಾರೆ. ಕಾರನ್ನೂ ನಾನು ಹಾಗೆಯೇ ನೋಡಿದೆ. ಹಿಂದಿನ ಎಡಬಾಗಿಲು ಮುಚ್ಚಿದಾಗ ಮೇಲ್ಗಡೆ ಉಗುರು ಹೋಗದಷ್ಟು ಸಂದು, ಕೆಳಗಡೆ ಕಿರುಬೆರಳು ಹೋಗುವಷ್ಟು ಸಂದು. "ಇದೇನಪ್ಪಾ, ಬಾಗಿಲು ಸೊಟ್ಟ ಐತಿ" ಎಂದೆ. "ಯವ್ವಾ, ನೀ ನೋಟಬುಕ್ ತಿದ್ದಿದಂಗ ನೋಡಬ್ಯಾಡ" ಎಂದ ಮಗ. ವಿಜಯಪುರಕ್ಕೆ ಹೊರಟೆವು. ನಮ್ಮ ಊರಿಂದ ಅಲ್ಲಿಗೆ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ವೇಗ ಅರವತ್ತು ದಾಟಿತೋ ಇಲ್ಲವೋ, ಆ ಸಂದಿನಿಂದ ಯಾರೋ ಸಣ್ಣಗೆ ಸಿಳ್ಳೆ ಹಾಕತೊಡಗಿದರು. ಮುಂದೆ ಪರದೆಯ ಹಿಂದೆಲ್ಲೋ ಟಿಕ್ ಟಿಕ್ ಎಂಬ ಸದ್ದು. ಪೆಟ್ರೋಲಿನ ಕಾರಿನಲ್ಲಾಗಿದ್ದರೆ ಇಂಜಿನ್ನಿನ ಗದ್ದಲದಲ್ಲಿ ಇದಾವುದೂ ಕೇಳುತ್ತಿರಲಿಲ್ಲ. ಇದು ಮಾತೇ ಆಡದ ಕಾರು. ಗಲಾಟೆಯ ತರಗತಿಯಲ್ಲಿ ಪಿಸುಮಾತು ಕೇಳುವುದಿಲ್ಲ. ಎಲ್ಲರೂ ಸುಮ್ಮನಿದ್ದಾಗ ಹಿಂದಿನ ಬೆಂಚಿನ ಪೆನ್ನು ಬಿದ್ದರೂ ಕೇಳುತ್ತದೆ, ಅದರಂತೆ.

ನ್ಯಾಯವಾಗಿ ಹೇಳಬೇಕೆಂದರೆ ಎಲ್ಲವೂ ಕಾರಿನ ತಪ್ಪಲ್ಲ. ಮನೆಯಲ್ಲಿ ಚಾರ್ಜಿಗೆ ಹಚ್ಚಿದರೆ ಕೆಂಪು ದೀಪ ಹತ್ತಿ ನಿಂತುಬಿಡುತ್ತಿತ್ತು. ನಾವು ಕಂಪನಿಯವರನ್ನು ಬೈದೆವು. ಅವರ ಹುಡುಗ ಬಂದು ಮೀಟರು ಹಿಡಿದು ನೋಡಿ, "ನಿಮ್ಮ ಮನಿ ಅರ್ಥಿಂಗ್ ಸರಿ ಇಲ್ಲರೀ" ಎಂದ. ನಿಜವೇ ಆಗಿತ್ತು. ಮನೆ ಕಟ್ಟಿಸಿದಾಗ ಹೂತ ಅರ್ಥಿಂಗು. ನಮ್ಮ ಬೇಸಿಗೆಯಲ್ಲಿ ನೆಲ ಹೇಗೆ ಒಣಗಿ ಬಿರಿಯುತ್ತದೆ ಹೇಳಬೇಕಾಗಿಲ್ಲ. ಗುಂಡಿ ತೆಗೆಸಿ, ಇದ್ದಿಲು ಉಪ್ಪು ಹಾಕಿಸಿ, ವಾರಕ್ಕೊಮ್ಮೆ ಒಂದು ಕೊಡ ನೀರು ಹಾಕುತ್ತ ಬಂದ ಮೇಲೆ ಸರಿಯಾಯಿತು. ಇಷ್ಟು ವರ್ಷ ಫ್ರಿಜ್ಜು, ಮಿಕ್ಸರು, ಟೀವಿಗಳಾವುವೂ ಹೇಳದ ನಮ್ಮ ಮನೆಯ ದೋಷವನ್ನು ಈ ಕಾರು ಬಂದ ವಾರದಲ್ಲೇ ಹೇಳಿತು. ನಮ್ಮ ಯಜಮಾನರಿಗೆ ಮಾತ್ರ ಅದರ ಮೇಲೆ ಮೊದಲಿಂದಲೂ ಒಂದು ಅನುಮಾನ. "ಹೊಗಿ ಇಲ್ಲ ಅಂತೀರಿ. ಕೂಡಗಿಯ ಚಿಮಣಿ ನೋಡಿರೇನು?" ಎನ್ನುತ್ತಾರೆ. ನಮ್ಮ ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವ್ಯಾಟಿನ ಕಲ್ಲಿದ್ದಲ ವಿದ್ಯುತ್ ಸ್ಥಾವರವಿದೆ. ಮಗ ಅದಕ್ಕೆ ಲೆಕ್ಕ ಒಪ್ಪಿಸಲು ಹೋಗುತ್ತಾನೆ. ಅಪ್ಪ ಮಗನ ಆ ವಾದ ಇನ್ನೂ ಮುಗಿದಿಲ್ಲ, ನಾನು ಅದರೊಳಗೆ ಹೋಗುವುದಿಲ್ಲ.

ನಮ್ಮ ಕಡೆ ಮಳೆ ಜೋರು ಹಿಡಿಯುವುದು ಸೆಪ್ಟೆಂಬರಿನಲ್ಲಿ. ಒಂದು ದಿನ ಡಿಕ್ಕಿ ತೆಗೆದರೆ ಮುಗ್ಗು ವಾಸನೆ. ವಿಜಯಪುರದ ಪೇಟೆಯಿಂದ ತಂದು ಮರೆತಿದ್ದ ಎರಡು ಕಿಲೋ ಹೆಸರುಕಾಳು ಚೀಲದಲ್ಲೇ ಸೊಗಸಾಗಿ ಮೊಳಕೆ ಒಡೆದಿತ್ತು. ಕೆಳಗಿನ ಹಾಸಿನಲ್ಲಿ ನೀರು. ಎಲ್ಲಿಂದ ಬಂತೆಂದು ಯಾರಿಗೂ ತಿಳಿಯದು. ಕಡೆಗೆ ನಮ್ಮ ಯಜಮಾನರು ಬ್ಯಾಟರಿ ಹಿಡಿದು ಡಿಕ್ಕಿಯೊಳಗೆ ಮುದುರಿ ಕುಳಿತರು. ಸೊಸೆ ಹೊರಗಿನಿಂದ ಪೈಪಿನಲ್ಲಿ ನೀರು ಬಿಟ್ಟಳು. ನಿವೃತ್ತ ಮಾವನನ್ನು ಡಿಕ್ಕಿಯಲ್ಲಿ ಕೂಡಿಸಿ ಸೊಸೆ ನೀರು ಹೊಡೆಯುವ ದೃಶ್ಯ ನೋಡಲು ಅರ್ಧ ಓಣಿ ಸೇರಿತ್ತು. ಒಳಗಿನಿಂದ "ಸಿಕ್ತು, ಸಿಕ್ತು!" ಎಂದು ಕೂಗಿದರು. ಹಿಂದಿನ ದೀಪದ ಸುತ್ತ ಕೂಡಿಸಿದ ರಬ್ಬರಿನ ಅಂಚು ಒಂದು ಮೂಲೆಯಲ್ಲಿ ಸರಿಯಾಗಿ ಒತ್ತಿಕೊಂಡಿರಲಿಲ್ಲ. ಅಲ್ಲಿಂದ ನೀರು ಎಳೆಯಾಗಿ ಇಳಿಯುತ್ತಿತ್ತು.

ಇದಾದ ಹದಿನೈದು ದಿನಕ್ಕೆ, ನನಗೆ ತಾಲೂಕಿನ ಸಭೆಯಿದ್ದ ಬೆಳಿಗ್ಗೆ, ಕಾರು ಸತ್ತೇಹೋಯಿತು. ಬಾಗಿಲು ಸಹ ತೆಗೆಯಲೊಲ್ಲದು. ರಾತ್ರಿ ತುಂಬ ಚಾರ್ಜು ಮಾಡಿಟ್ಟ ಕಾರು! ಆಗ ತಿಳಿಯಿತು, ಈ ಕಾರುಗಳಲ್ಲಿ ಎರಡು ಬ್ಯಾಟರಿ ಇರುತ್ತವಂತೆ. ನೆಲದಡಿಯ ದೊಡ್ಡದು ಗಾಲಿ ತಿರುಗಿಸುವುದಕ್ಕೆ. ಇನ್ನೊಂದು ಸಾದಾ ಕಾರುಗಳಲ್ಲಿರುವಂಥದೇ ಹನ್ನೆರಡು ವೋಲ್ಟಿನ ಸಣ್ಣದು. ಬಾಗಿಲ ಕೀಲಿ, ದೀಪ, ಗಣಕದ ಮಿದುಳು ಎಲ್ಲ ಅದರ ಕೈಯಲ್ಲಿ. ದೊಡ್ಡದನ್ನು ಎಚ್ಚರಿಸಬೇಕಾದದ್ದು ಸಣ್ಣದು. ಸಣ್ಣದು ಇಳಿದುಹೋದರೆ ಹಗೇವು ತುಂಬ ಜೋಳವಿದ್ದೂ ಬಾಯಿ ತೆಗೆಯಲು ಆಳಿಲ್ಲದ ಮನೆಯ ಗತಿ. ಕೀಲಿಯೊಳಗೆ ಅಡಗಿಸಿಟ್ಟಿದ್ದ ಕಬ್ಬಿಣದ ಕೀಲಿಯಿಂದ ಬಾಗಿಲು ತೆಗೆದು, ಪಕ್ಕದ ದ್ರಾಕ್ಷಿ ತೋಟದವರ ಟ್ರ್ಯಾಕ್ಟರ್ ತರಿಸಿ, ಅದರ ಬ್ಯಾಟರಿಗೆ ವೈರು ಕೂಡಿಸಿ ಇದನ್ನು ಎಬ್ಬಿಸಿದೆವು. ಹೊಗೆ ಕಾರುತ್ತ ನಿಂತ ಆ ಹಳೆಯ ಟ್ರ್ಯಾಕ್ಟರ್ ಮಾಲೀಕ, "ಕಡೀಕ್ ನಾವs ಬೇಕಾದ್ವಿ ನೋಡ್ರಿ" ಎಂದು ಮೀಸೆ ತಿರುವಿದ. ಆಮೇಲೆ ಕಂಪನಿಯವರು ಸಣ್ಣ ಬ್ಯಾಟರಿ ಬದಲಿಸಿದರು. ಕಾರು ನಿಂತಲ್ಲೇ ನಿಂತಿದ್ದರೂ ದೊಡ್ಡ ಬ್ಯಾಟರಿಯು ಸಣ್ಣದಕ್ಕೆ ಆಗಾಗ ಉಣಿಸುತ್ತಿರಬೇಕೆಂಬ ಹೊಸ ಆಜ್ಞೆಯೊಂದು ರಾತ್ರಿ ನಾವು ಮಲಗಿದ್ದಾಗ ಫೋನಿನ ಜಾಲದ ಮೂಲಕವೇ ಬಂದು ಕಾರಿನೊಳಗೆ ಕೂತಿತು. ಮತ್ತೆ ಆ ತೊಂದರೆ ಬರಲಿಲ್ಲ. ಮೆಕ್ಯಾನಿಕ್ಕಿಲ್ಲದೆ ಆದ ರಿಪೇರಿಯನ್ನು ನಾನು ಕಂಡದ್ದು ಅದೇ ಮೊದಲು.

ಬಾಗಿಲಿಗೂ ರಬ್ಬರಿಗೂ ಮಾತ್ರ ಕಾರನ್ನೇ ಒಯ್ಯಬೇಕಾಯಿತು. ಮಗನಿಗೆ ರಜೆ ಇಲ್ಲವೆಂದು ಸೊಸೆಯೊಡನೆ ನಾನು ಹೋದೆ. ಅಲ್ಲಿ ಕೆಲಸ ಮಾಡುವ ಹುಡುಗನೊಬ್ಬ ನನ್ನನ್ನು ಕಂಡು ಕೈಯೊರೆಸಿಕೊಂಡು ಬಂದು ಕಾಲು ಮುಟ್ಟಿದ. ಹತ್ತು ವರ್ಷದ ಹಿಂದೆ ನನ್ನ ಹತ್ತಿರ ಕಲಿತವನು. ಬಾಗಿಲ ತಿರುಗಣಿ ಸಡಿಲಿಸಿ, ಬಾಗಿಲನ್ನು ಭುಜಕ್ಕೊತ್ತಿ ಎತ್ತಿ, ಕೊಂಡಿಯನ್ನು ಕೂದಲೆಳೆಯಷ್ಟು ಸರಿಸಿ ಬಿಗಿದ. ಸಂದು ಸರಿಯಾಯಿತು. ಪರದೆಯ ಹಿಂದೆ ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ಕು ತಿಕ್ಕುವಲ್ಲಿ ಬಟ್ಟೆಯ ಪಟ್ಟಿ ಅಂಟಿಸಿದ. ದೀಪದ ರಬ್ಬರು ತೆಗೆದು ಹೊಸದನ್ನು ಹಾಕಿದ. ನಾನು ಎರಡನ್ನೂ ಕೈಯಲ್ಲಿ ಹಿಡಿದು ನೋಡಿದೆ. ಹೊಸದು ದಪ್ಪ, ಒಳಗಡೆ ಇನ್ನೊಂದು ತುಟಿ ಇತ್ತು. ಇದು ಬೇರೆಯೇ ಇದೆಯಲ್ಲ ಎಂದೆ. ಆತ ಸುತ್ತ ನೋಡಿ, ದನಿ ತಗ್ಗಿಸಿ ಹೇಳಿದ:

"ಅಕ್ಕೋರ, ನಿಮ್ಮದು ಮೊದಲ ಲಾಟಿಂದು ರೀ. ಈಗ ಬರೂ ಗಾಡಿಗೆ ಕಂಪನಿಯವರು ಇದನ್ನs ಹಾಕಿ ಕಳಸ್ತಾರ. ಹಳೇವಕ್ಕ, ಕೇಳಿಕೊಂಡು ಬಂದವರಿಗೆ ಹಾಕಿ ಕೊಡ್ರಿ ಅಂದಾರ. ಕೇಳದವರಿಗೆ ನಾವಾಗಿ ಹೇಳೂದು ಬ್ಯಾಡ ಅಂದಾರ."

ನನ್ನ ಶಿಷ್ಯ, ನಂಬಿ ಹೇಳಿದ್ದ. ಚಹ ತರಿಸಿದ. ನಾನು ಕುಡಿದೆ. ಆದರೆ ಆ ಮಾತು ಗಂಟಲಲ್ಲಿ ಇಳಿಯಲಿಲ್ಲ.

ನಮ್ಮ ಅತ್ತೆಯವರು ರೊಟ್ಟಿ ಬಡಿಯುವುದನ್ನು ನೀವು ನೋಡಬೇಕಿತ್ತು. ಅಂಥ ಕೈಯಿಗೂ ಹಂಚಿನ ಮೊದಲ ರೊಟ್ಟಿ ಒಂದಿಷ್ಟು ಕೆಡುತ್ತಿತ್ತು. ಹಂಚು ಕಾದಿರುವುದಿಲ್ಲ, ಇಲ್ಲವೆ ಅತಿ ಕಾದಿರುತ್ತದೆ. ಹಿಟ್ಟಿನ ಜಿಗುಟು ಆ ದಿನದ್ದು ಹೇಗಿದೆಯೆಂದು ಕೈಗೆ ತಿಳಿಯುವುದೇ ಮೊದಲ ರೊಟ್ಟಿಯಿಂದ. ಅದನ್ನು ಅವರು ಬೀಸಾಡುತ್ತಿರಲಿಲ್ಲ, ಯಾರ ತಾಟಿಗೂ ಹಾಕುತ್ತಿರಲಿಲ್ಲ. ಪಕ್ಕಕ್ಕಿಟ್ಟು, ಎಲ್ಲರ ಊಟವಾದ ಮೇಲೆ ತಾವೇ ತಿನ್ನುತ್ತಿದ್ದರು. ಕಾರಿನ ಕಾರಖಾನೆಯ ಮೊದಲ ರೊಟ್ಟಿಯನ್ನು ನಾವು ಉಂಡೆವು. ಅದೂ ತಿಂಗಳುಗಟ್ಟಲೆ ಮೊದಲೇ ಹಣ ಕಟ್ಟಿ, ಸರದಿಯಲ್ಲಿ ನಿಂತು.

ಹಾಗೆಂದು ಅರೆಬರೆಯಾದದ್ದನ್ನು ಯಾರೂ ಮಾರಲೇಬಾರದು ಎನ್ನುವಂತೆಯೂ ಇಲ್ಲ. ಪೂರ್ತಿ ಸರಿಯಾದ ಮೇಲೆಯೇ ಹೊರಗೆ ಬರುತ್ತೇನೆಂದು ಕುಳಿತರೆ ಯಾವ ಹೊಸದೂ ಹುಟ್ಟುವುದಿಲ್ಲ. ನಮ್ಮ ಕನ್ನಡನಾಡಿನಲ್ಲೇ ಇದಕ್ಕೊಂದು ಕಥೆಯಿದೆ. ಬೆಂಗಳೂರಿನ ಮೈನಿ ಸಮೂಹದವರು ಅಮೆರಿಕದ ಅಮೆರಿಗಾನ್ ಎಂಬ ಕಂಪನಿಯೊಡನೆ ಕೂಡಿ 1994ರಲ್ಲಿ ಕಟ್ಟಿದ್ದು ರೇವಾ ಎಲೆಕ್ಟ್ರಿಕ್ ಕಾರ್ ಕಂಪನಿ. ಅದರ ಮುಂದಾಳು ಚೇತನ್ ಮೈನಿ. 2001ರಲ್ಲಿ ರೇವಾ ಮಾರಾಟಕ್ಕೆ ಬಂತು. ಎರಡೇ ಬಾಗಿಲಿನ ಗೊಂಬೆಯಂಥ ಕಾರು. ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು ಮುದುರಿ ಕೂರಬಹುದು. ಮೈಯೆಲ್ಲ ಪ್ಲಾಸ್ಟಿಕ್ಕು. ಸೀಟಿನ ಕೆಳಗೆ ಸೀಸದ ಎಂಟು ಬ್ಯಾಟರಿಗಳು. ಅವಕ್ಕೆ ಆಗಾಗ ಬಟ್ಟಿ ಇಳಿಸಿದ ನೀರು ಕುಡಿಸಬೇಕು. ಒಮ್ಮೆ ಚಾರ್ಜು ಮಾಡಿದರೆ 80 ಕಿಲೋಮೀಟರು ಎಂದು ಹೇಳಿಕೆ. ಬೆಂಗಳೂರಿಗೆ ತಂಗಿಯ ಮನೆಗೆ ಹೋದಾಗ ಜಯನಗರದ ರಸ್ತೆಯಲ್ಲಿ ಮೊದಲ ಸಲ ನೋಡಿ, ಇದರಲ್ಲಿ ನಮ್ಮ ಯಜಮಾನರ ಮೊಣಕಾಲು ಎಲ್ಲಿ ಇಡುವುದು ಎಂದು ನಕ್ಕಿದ್ದೆ.

ಅದೇ ಕಾರು ಜಿ-ವಿಜ್ ಎಂಬ ಹೆಸರಿನಲ್ಲಿ ಲಂಡನ್ನಿನಲ್ಲೂ ಓಡಿತು. ಅಲ್ಲಿನ ಕಾನೂನಿನ ಕಣ್ಣಿನಲ್ಲಿ ಅದು ಕಾರೇ ಅಲ್ಲ, ಹಗುರ ನಾಲ್ಕುಗಾಲಿಯ ಬಂಡಿ. ಆದ್ದರಿಂದ ಕಾರುಗಳಿಗೆ ಕಡ್ಡಾಯವಾದ ಡಿಕ್ಕಿ ಪರೀಕ್ಷೆ ಅದಕ್ಕಿರಲಿಲ್ಲ. 2007ರಲ್ಲಿ ಟಾಪ್ ಗೇರ್ ಪತ್ರಿಕೆಯವರು ತಾವೇ ಅದನ್ನು ಗಂಟೆಗೆ 64 ಕಿಲೋಮೀಟರು ವೇಗದಲ್ಲಿ ಡಿಕ್ಕಿ ಹೊಡೆಸಿ ನೋಡಿದರು. ಒಳಗಿದ್ದವರಿಗೆ ಪ್ರಾಣಾಪಾಯವಾಗುವಷ್ಟು ಏಟು ಬೀಳುತ್ತಿತ್ತೆಂದು ತಿಳಿದುಬಂತು. ಅದರ ಮುಂದಿನ ಮಾದರಿಯಲ್ಲಿ ಚೌಕಟ್ಟು ಗಟ್ಟಿಯಾಯಿತು, ಮುಂದಿನ ಗಾಲಿಗೆ ಡಿಸ್ಕ್ ಬ್ರೇಕು ಬಂತು, ಡಿಕ್ಕಿಯಾದರೆ ಎದೆಗೆ ಚುಚ್ಚದೆ ಮಡಚಿಕೊಳ್ಳುವ ಸ್ಟೇರಿಂಗ್ ದಂಡ ಬಂತು. 2010ರಲ್ಲಿ ಮಹೀಂದ್ರಾದವರು ಆ ಕಂಪನಿಯನ್ನು ಕೊಂಡರು. 2013ರಲ್ಲಿ ಲಿಥಿಯಂ ಬ್ಯಾಟರಿಯ ಇ2ಒ ಬಂತು. ಇಂದು ತಿಕೋಟಾದಂಥ ಊರಿನ ಓಣಿಯಲ್ಲಿ ಕರೆಂಟಿನ ಕಾರು ನಿಂತಿದ್ದರೆ, ಇಪ್ಪತ್ತು ವರ್ಷದ ಹಿಂದೆ ಬ್ಯಾಟರಿಗೆ ನೀರು ಕುಡಿಸುತ್ತ, ಅರ್ಧ ದಾರಿಯಲ್ಲಿ ಚಾರ್ಜು ಮುಗಿಯುವ ಭಯದಲ್ಲಿ ಓಡಾಡಿದ ಆ ಮೊದಲಿನವರ ಋಣ ನಮ್ಮ ಮೇಲಿದೆ. ಅವರಿಗೆ ಒಂದು ಸಮಾಧಾನವಿತ್ತು. ಆ ಕಾರು ನೋಡಿದರೇ ತಿಳಿಯುತ್ತಿತ್ತು, ಇದು ಪ್ರಯೋಗ ಎಂದು. ನಮ್ಮ ವಿಜಯಪುರದ ಬಾರಾ ಕಮಾನಿನ ಹಾಗೆ. ಎರಡನೆಯ ಅಲಿ ಆದಿಲಶಾಹನ ಆ ಗೋರಿ ಕಮಾನುಗಳ ಮಟ್ಟಕ್ಕೇ ನಿಂತುಹೋಯಿತು, ಮೇಲೆ ಗುಮ್ಮಟವಿಲ್ಲ. ಮಳೆ ಬಂದರೆ ನೆನೆಯುತ್ತೀರೆಂದು ಅಲ್ಲಿ ಯಾರಿಗೂ ಹೇಳಬೇಕಾಗಿಲ್ಲ, ತಲೆ ಎತ್ತಿದರೆ ಆಕಾಶ ಕಾಣುತ್ತದೆ. ನಮ್ಮ ಕಾರಿಗೆ ಗುಮ್ಮಟ ಇತ್ತು, ಬಣ್ಣ ಥಳಥಳಿಸುತ್ತಿತ್ತು. ಸೋರುವ ಜಾಗ ಮಾತ್ರ ಮಾಡಿದವನೊಬ್ಬನಿಗೆ ಗೊತ್ತಿತ್ತು.

ಅದೂ ಹೋಗಲಿ ಎಂದು ಬಿಡುತ್ತಿದ್ದೆನೇನೋ, ಬಬಲೇಶ್ವರಕ್ಕೆ ಹೋಗದಿದ್ದರೆ. ಅಲ್ಲಿ ನಮ್ಮ ಯಜಮಾನರ ಕಾಕಾನ ಮಗನಿದ್ದಾನೆ, ನನಗೆ ಮೈದುನ. ನಮ್ಮದನ್ನು ನೋಡಿ ಅವನೂ ಅದೇ ಕಾರು ತಂದಿದ್ದ, ಅದೇ ಲಾಟಿನದು. ದೀಪಾವಳಿಗೆ ಹೋದಾಗ ನೋಡಿದರೆ ಅವನ ಕಾರಿನ ಡಿಕ್ಕಿಯಲ್ಲಿ ಹಳೆಯ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಗೋಣಿಚೀಲ ಹಾಸಿದ್ದಾನೆ. ನೀರು ಬರುತ್ತದೇನಪ್ಪಾ ಎಂದೆ. ಆತ ತಪ್ಪು ಮಾಡಿದ ಹುಡುಗನಂತೆ ಮುಖ ಸಣ್ಣ ಮಾಡಿ, "ಬರ್ತೈತಿ ವೈನಿ. ತಪ್ಪು ನಂದs. ಹೊಸಾದು ಅಂತ ತೋಟದ ಮೋಟಾರ್ ಪೈಪಿನಿಂದ ಜೋರ ನೀರು ಹೊಡದು ತೊಳದೆ. ಎಲ್ಲೋ ಸಂದು ಬಿಚ್ಚಿರಬೇಕು. ಶೋರೂಮಿಗೆ ಹೋದ್ರ ನೀವs ಕೆಡಿಸೀರಿ ಅಂತಾರ ಅಂತ ಹೋಗಿಲ್ಲ" ಎಂದ.

ನಾಲ್ಕು ತಿಂಗಳು ಆ ಮನುಷ್ಯ ಹೆಂಡತಿಯ ಕೈಲಿ ಬೈಸಿಕೊಂಡಿದ್ದ, ಕಾರು ತೊಳೆಯಲು ಬಾರದವನೆಂದು. ಅಷ್ಟೊತ್ತಿಗೆ ವಿಜಯಪುರದ ಕಪಾಟಿನಲ್ಲಿ ದಪ್ಪ ರಬ್ಬರು ಸಾಲಾಗಿ ಕೂತಿತ್ತು. ಕೇಳಿದವರಿಗೆ ಕೊಡಲೆಂದು.

ಅಂದು ರಾತ್ರಿ ಹೊಳೆಯಿತು, ಗಂಟಲಿಗೆ ಅಡ್ಡ ನಿಂತದ್ದು ಯಾವುದೆಂದು. ರಬ್ಬರು ತೆಳುವಾಗಿದ್ದದ್ದಲ್ಲ. ಅದು ತೆಳುವೆಂದು ಗೊತ್ತಾದ ದಿನವೇ ಹೇಳದೆ ಇದ್ದದ್ದು. ಹೇಳದಿದ್ದರೆ ದೋಷ ಎಲ್ಲೂ ಹೋಗುವುದಿಲ್ಲ. ಅನುಭವಿಸುವವನ ಹೆಗಲ ಮೇಲೆ ಹೋಗಿ ಕೂರುತ್ತದೆ. ಅವನು ಅದನ್ನು ತನ್ನದೇ ಎಂದುಕೊಳ್ಳುತ್ತಾನೆ.

ಹಳೆಯ ಕನ್ನಡ ಪುಸ್ತಕಗಳ ಕೊನೆಗೆ ಒಪ್ಪೋಲೆ ಎಂದು ಒಂದು ಪುಟ ಇರುತ್ತಿತ್ತು, ನೀವು ನೋಡಿರುತ್ತೀರಿ. ಇಂಥ ಪುಟ, ಇಂಥ ಸಾಲು, ತಪ್ಪು ಇದು, ಒಪ್ಪು ಇದು. ಓಲೆಗರಿಯ ಕಾಲದ ಲಿಪಿಕಾರರೂ ಬರೆದು ಮುಗಿಸಿ, ತಪ್ಪಿದ್ದರೆ ತಿದ್ದಿ ಓದಿಕೊಳ್ಳಿರೆಂದು ಕೈಮುಗಿಯುತ್ತಿದ್ದರು. ಪುಸ್ತಕ ಮನೆ ಸೇರಿದ ಮೇಲೆ ಓದುಗರನ್ನು ಹುಡುಕಿ ಹೋಗುವುದು ಅವರಿಂದ ಆಗದ ಮಾತು. ಕಾರಿನವರಿಗೆ ಅದು ಸಾಧ್ಯ. ಯಾವ ಗಾಡಿ ಯಾರ ಮನೆಯಲ್ಲಿದೆ ಎಂಬ ಪಟ್ಟಿ ಅವರ ಕೈಯಲ್ಲೇ ಇದೆ. ಮಾಡಿದವರೂ ಇದ್ದಾರೆ. ಅಮೆರಿಕದ ಜನರಲ್ ಮೋಟರ್ಸಿನವರ ಬೋಲ್ಟ್ ಎಂಬ ಕರೆಂಟಿನ ಕಾರುಗಳ ಬ್ಯಾಟರಿಯಲ್ಲಿ ಅಪರೂಪಕ್ಕೆ ಎರಡು ಸಣ್ಣ ದೋಷ ಒಂದೇ ಕೋಶದಲ್ಲಿ ಕೂಡಿ ಬಂದರೆ ಬೆಂಕಿ ಹತ್ತಬಹುದೆಂದು ತಿಳಿದಾಗ, 2021ರಲ್ಲಿ ಅವರು ಅಲ್ಲಿಯವರೆಗೆ ಮಾಡಿದ ಅಷ್ಟೂ ಬೋಲ್ಟ್‌ಗಳನ್ನು, ಅಂದರೆ ಒಂದು ಲಕ್ಷ ನಲವತ್ತು ಸಾವಿರದಷ್ಟು ಕಾರುಗಳನ್ನು, ಹಿಂದಕ್ಕೆ ಕರೆದರು. ಬದಲಿ ಬ್ಯಾಟರಿಗಳು ಇನ್ನೂ ತಯಾರಿರಲಿಲ್ಲ. ಆದರೂ ಹೇಳಿದರು: ಕಾರನ್ನು ಮನೆಯೊಳಗೆ ನಿಲ್ಲಿಸಬೇಡಿ, ರಾತ್ರಿ ಮಲಗಿದಾಗ ಒಳಗೆ ಚಾರ್ಜಿಗೆ ಹಚ್ಚಬೇಡಿ ಎಂದು. ನಮ್ಮಲ್ಲೂ 2022ರ ಬೇಸಿಗೆಯಲ್ಲಿ ಕರೆಂಟಿನ ಸ್ಕೂಟರುಗಳಿಗೆ ಅಲ್ಲಲ್ಲಿ ಬೆಂಕಿ ಹತ್ತಿದಾಗ ಬೆಂಗಳೂರಿನ ಓಲಾ ಎಲೆಕ್ಟ್ರಿಕ್‌ನವರು 1,441 ಸ್ಕೂಟರುಗಳನ್ನು ತಪಾಸಣೆಗೆಂದು ವಾಪಸು ಕರೆಸಿದ್ದರು. 2021ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಇದಕ್ಕೆ ಕಾನೂನೂ ಇದೆ. ಸುರಕ್ಷತೆಗೆ ಧಕ್ಕೆ ತರುವ ದೋಷವಿದ್ದರೆ ಗಾಡಿಗಳನ್ನು ಹಿಂದಕ್ಕೆ ಪಡೆಯಿರೆಂದು ಸರಕಾರ ಆಜ್ಞೆ ಮಾಡಬಹುದು, ಹತ್ತು ಲಕ್ಷದಿಂದ ಒಂದು ಕೋಟಿಯವರೆಗೆ ದಂಡ ಹಾಕಬಹುದು. ಡಿಕ್ಕಿಯಲ್ಲಿ ಹೆಸರುಕಾಳು ಮೊಳೆತರೆ ಯಾರ ಜೀವವೂ ಹೋಗುವುದಿಲ್ಲ, ಹಾಗಾಗಿ ಅದಕ್ಕೆ ದಂಡವಿಲ್ಲ.

ಇದನ್ನೆಲ್ಲ ಸೇರಿಸಿ ಕಂಪನಿಗೊಂದು ಪತ್ರ ಬರೆಯಬೇಕೆಂದು ಮನೆಯಲ್ಲಿ ತೀರ್ಮಾನವಾಯಿತು. ಇಂಗ್ಲಿಷಿನಲ್ಲಿ ಬರೆಯಬೇಕು, ಮನೆಯಲ್ಲಿ ಇಂಗ್ಲಿಷ್ ಟೀಚರು ನಾನೇ. ಹಾಳೆ ತೆಗೆದುಕೊಂಡು ಎಡಕ್ಕೆ ವಿಳಾಸ, ಕೆಳಗೆ ತಾರೀಖು, ವಿಷಯ ಎಂದು ಬರೆದು ಗೆರೆ ಎಳೆದೆ. ಅಲ್ಲಿಗೆ ನನ್ನ ಪೆನ್ನು ನಿಂತಿತು.

1994ರಲ್ಲಿ ಬಿ.ಎಡ್. ಮುಗಿಸಿ ನಾನು ಕೆಲಸಕ್ಕೆ ಸೇರಿದ್ದು ಬಬಲೇಶ್ವರದಾಚೆಯ ಒಂದು ಹಳ್ಳಿಯ ಹೈಸ್ಕೂಲಿಗೆ. ಅರ್ಧ ವರ್ಷ ಕಳೆದಿತ್ತು. ಹತ್ತನೆಯ ತರಗತಿಯ ಇಂಗ್ಲಿಷು ನನ್ನ ಪಾಲಿಗೆ ಬಂತು. ಪಾಠ ಉಳಿದಿದ್ದವು ಬಹಳ, ದಿನ ಉಳಿದಿದ್ದವು ಕಡಿಮೆ, ನನಗೆ ಅನುಭವ ಇರಲಿಲ್ಲ. ಫೆಬ್ರವರಿಯಲ್ಲಿ ಪತ್ರಲೇಖನ ಕಲಿಸುವುದು ಬಾಕಿ ಇತ್ತು. ಅದಕ್ಕೆ ಹೊತ್ತಿಲ್ಲವೆಂದು ಹೇಳಲು ನಾಚಿಕೆಯಾಗಿ, ಎಲ್ಲ ತಿಳಿದವಳಂತೆ, "ಇದು ಈ ವರ್ಷ ಬರೂದಿಲ್ಲ, ಬಿಡ್ರಿ" ಎಂದುಬಿಟ್ಟೆ. ಮಕ್ಕಳು ಬಿಟ್ಟರು. ಪರೀಕ್ಷೆಯಲ್ಲಿ ಪತ್ರ ಬಂತು. ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳು ಇಂಗ್ಲಿಷಿನಲ್ಲಿ ನಪಾಸಾದರು. ಅವರಲ್ಲಿ ಒಬ್ಬಳು ಮೊದಲ ಬೆಂಚಿನ ಹುಡುಗಿ, ಉಳಿದ ಎಲ್ಲ ವಿಷಯಗಳಲ್ಲಿ ಪಾಸು, ಇಂಗ್ಲಿಷಿನಲ್ಲಿ 31. ಇನ್ನು ನಾಲ್ಕು ಅಂಕ ಬೇಕಿತ್ತು. ಪತ್ರದ ಮೇಲ್ಗಡೆ ವಿಳಾಸ, ಕೆಳಗಡೆ ಸಹಿ ಬರೆಯಲು ಬಂದಿದ್ದರೂ ಸಿಗುತ್ತಿದ್ದವೋ ಏನೋ.

ಹೆಡ್‌ಮಾಸ್ತರರು ಒಳ್ಳೆಯವರು. "ಮೊದಲ ವರ್ಷ ಹಿಂಗ ಆಗತಾವು ಬಾಯಾರ, ಮುಂದಿನ ಬ್ಯಾಚಿಗೆ ಸರಿಯಾಗತೈತಿ" ಎಂದರು. ಸರಿಯಾಯಿತು ಕೂಡ. ಮರುವರ್ಷದಿಂದ ಪತ್ರಲೇಖನವನ್ನು ಜುಲೈ ತಿಂಗಳಿನಲ್ಲೇ ಕಲಿಸತೊಡಗಿದೆ. ಮೂವತ್ತು ವರ್ಷದಲ್ಲಿ ನನ್ನ ಮಕ್ಕಳು ಬರೆದಂಥ ಪತ್ರ ಈ ತಾಲೂಕಿನಲ್ಲಿ ಯಾರೂ ಬರೆದಿರಲಿಕ್ಕಿಲ್ಲ. ಇನ್‌ಸ್ಪೆಕ್ಟರರೂ ಹೊಗಳಿದ್ದಾರೆ. ದಪ್ಪ ರಬ್ಬರು ಹಾಕಿ ಕಳಿಸಿದ ಗಾಡಿಗಳು.

ಆ ಹುಡುಗಿಯ ತಂದೆ ಫಲಿತಾಂಶ ಬಂದ ಮೂರನೆಯ ದಿನ ಶಾಲೆಗೆ ಬಂದಿದ್ದ. ರುಮಾಲು ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತು, "ನಮ್ಮ ಹುಡುಗಿ ಯಾಕ ಹಿಂಗಾತ್ರಿ ಬಾಯಾರ?" ಎಂದ. ನನಗೆ ಇಪ್ಪತ್ತೈದು ವರ್ಷ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಹೆಡ್‌ಮಾಸ್ತರರು ಒಳಗೇ ಕೂತಿದ್ದರು. "ಹುಡುಗಿ ಇಂಗ್ಲಿಷಿನ್ಯಾಗ ಸ್ವಲ್ಪ ಮಂದ ಅದಾಳ್ರಿ" ಎಂದೆ. ಆತ ತಲೆ ಹಾಕಿ ಹೋದ. ಆ ವರ್ಷದ ದೀಪಾವಳಿ ಕಳೆದು ಅವಳ ಲಗ್ನವಾಯಿತೆಂದು ಕೇಳಿದೆ.

ಕಂಪನಿಗೆ ಪತ್ರ ಬರೆದದ್ದೇನೋ ಬರೆದೆ, ಎರಡು ದಿನ ಬಿಟ್ಟು. ಒಂದೂವರೆ ತಿಂಗಳಿಗೆ ಉತ್ತರ ಬಂತು. ಮೈದುನನ ಕಾರಿಗೂ ಪುಕ್ಕಟೆ ರಬ್ಬರು ಹಾಕಿಕೊಟ್ಟರು. ಉಳಿದವರಿಗೆ ತಾವಾಗಿ ತಿಳಿಸುತ್ತೀರಾ ಎಂದು ಕೇಳಿದ್ದಕ್ಕೆ, ನಿಮ್ಮ ಸಲಹೆಗೆ ವಂದನೆಗಳು ಎಂದಿತ್ತು. ಮಗ ಈಗ ವಿಜಯಪುರದಲ್ಲಿ ಆ ಕಾರು ಎಲ್ಲಿ ಕಂಡರೂ ನಿಲ್ಲಿಸಿ, ನಿಮ್ಮ ಡಿಕ್ಕಿ ಸೋರುತ್ತದೇನು ಎಂದು ಕೇಳುತ್ತಾನೆ. ಕೆಲವರು ಜಗಳಕ್ಕೆ ಬಂದನೆಂದು ತಿಳಿಯುತ್ತಾರೆ.

ಆ ಹುಡುಗಿ ಈಗ ನಮ್ಮ ತಾಲೂಕಿನಲ್ಲೇ ಇದ್ದಾಳೆಂದು ನನಗೆ ಎಷ್ಟೋ ವರ್ಷದಿಂದ ಗೊತ್ತಿತ್ತು. ಒಣದ್ರಾಕ್ಷಿಯ ಶೆಡ್ಡೊಂದರಲ್ಲಿ ಹೆಣ್ಣಾಳುಗಳ ಮೇಲ್ವಿಚಾರಣೆ ಅವಳದು. ಮದುವೆ ಮುಂಜಿಗಳಲ್ಲಿ ದೂರದಿಂದ ಕಂಡಾಗ ನಾನು ಬೇರೆ ಯಾರನ್ನೋ ಮಾತಾಡಿಸಲು ತಿರುಗುತ್ತಿದ್ದೆ. 2025ರ ಮಾರ್ಚಿನಲ್ಲಿ, ದ್ರಾಕ್ಷಿ ಕೊಯ್ದು ಒಣಗಿಸುವ ಸುಗ್ಗಿಯಲ್ಲಿ, ಎರಡು ಕಿಲೋ ಒಣದ್ರಾಕ್ಷಿ ಬೇಕೆಂಬ ನೆವ ಮಾಡಿಕೊಂಡು ಅಲ್ಲಿಗೆ ಹೋದೆ. ಹಸಿರು ಬಲೆಯ ಕೆಳಗೆ ಅಟ್ಟಣಿಗೆ ಅಟ್ಟಣಿಗೆಯಾಗಿ ಹಣ್ಣು ಒಣಗುತ್ತಿತ್ತು. ಹೆಂಗಸರು ಸಾಲಾಗಿ ಕೂತು ಕಪ್ಪಾದ ಕಾಳನ್ನು ಬೇರೆ, ಹಸಿರು ಕಾಳನ್ನು ಬೇರೆ ಮಾಡುತ್ತಿದ್ದರು. ಅವಳು ಎದ್ದು ಬಂದು, "ಅಕ್ಕೋರ, ನೀವು! ಬರ್ರಿ, ಕೂಡ್ರಿ" ಎಂದು ಖುರ್ಚಿ ಒರೆಸಿ ಹಾಕಿದಳು. ಕೂದಲು ನರೆತಿತ್ತು. ನನಗಿಂತ ಹತ್ತು ವರ್ಷ ಸಣ್ಣವಳು.

ಪೀಠಿಕೆ ಹಾಕಿದರೆ ಧೈರ್ಯ ಹೋಗುತ್ತದೆಂದು ನೇರವಾಗಿ ಹೇಳಿದೆ. ಅವತ್ತು ನಪಾಸಾದದ್ದು ನಿನ್ನ ತಪ್ಪಲ್ಲ, ನಾನು ಕಲಿಸಲಿಲ್ಲ, ಬರುವುದಿಲ್ಲವೆಂದು ಸುಳ್ಳು ಹೇಳಿದೆ, ನಿಮ್ಮಪ್ಪನಿಗೆ ನೀನು ಮಂದ ಎಂದೂ ಹೇಳಿದೆ.

ಅವಳು ಕೈಯಲ್ಲಿದ್ದ ದ್ರಾಕ್ಷಿಯನ್ನು ತಟ್ಟೆಗೆ ಹಾಕಿದಳು. ಬಹಳ ಹೊತ್ತು ಸುಮ್ಮನಿದ್ದಳು. "ಹಂಗಾರ ನಾ ದಡ್ಡಿ ಇರಲಿಲ್ಲೇನ್ರಿ?" ಎಂದಳು.

ಇರಲಿಲ್ಲ ಎಂದೆ.

"ಆವಾಗ ಹೇಳಿದ್ರ ನಮ್ಮಪ್ಪ ಅಕ್ಟೋಬರ್ ಪರೀಕ್ಷಾಕ್ಕ ರೊಕ್ಕ ಕಟ್ಟತಿದ್ದ. ಬಾಯಾರs ಮಂದ ಅಂದಾರ, ಸುಮ್ಮನ ರೊಕ್ಕ ಯಾಕ ಹಾಳು ಅಂತ ಬಿಡಿಸಿದ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕದಲ್ಲಿ ಎಲ್ಲಿ ತಪ್ಪಿತ್ತೆಂದು ತಡವಾಗಿ ಸಿಕ್ಕವರ ದನಿ. ಆಮೇಲೆ ತಕ್ಕಡಿ ತೆಗೆದು ದ್ರಾಕ್ಷಿ ತೂಗಿದಳು. ನಾನು ಕೊಟ್ಟ ಹಣವನ್ನು ಎಣಿಸಿಯೇ ತೆಗೆದುಕೊಂಡಳು. ಕಾರಿನ ತನಕ ಕಳಿಸಲು ಬಂದು, ಡಿಕ್ಕಿ ತೆಗೆದು ಚೀಲ ಇಟ್ಟು, ಮುಚ್ಚಿ, ಅಲ್ಲೇ ನಿಂತಳು.

"ಅಕ್ಕೋರ, ನನ್ನ ಮಗಳು ವಿಜಾಪುರದಾಗ ಡಿಗ್ರಿ ಓದತಾಳ. ಫೋನಿನ್ಯಾಗ ಏನರ ಇಂಗ್ಲಿಷ್ ಬಂದ್ರ ಓದಿ ಹೇಳಬೇ ಅಂದ್ರ, ನಿನಗದು ತಲಿಗೆ ಹತ್ತೂದಿಲ್ಲ ಬಿಡು ಅಂತಾಳ. ನಾನೂ ಹೌದಂತೀನಿ. ಆಕಿ ಮುಂದ ಒಮ್ಮೆ ಬಂದು ಈ ಮಾತು ಹೇಳ್ತೀರೇನು?"

ಯಾವಾಗ ಬರಲಿ ಎಂದೆ.

"ಐತವಾರ ಮನ್ಯಾಗ ಇರ್ತಾಳ."

ಐತವಾರ ಬೆಳಿಗ್ಗೆ ಮಗನನ್ನು ಎಬ್ಬಿಸಿ ಕಾರು ತೆಗೆಸಿದೆ.